ಐದನೇ ದಿನದ ಮುಖ

“ಯಾವ ಡೇಟ್ ಹೇಳ್ಲಿ ಮೇಡಂ, ಅರಿಶಿಣದ್ದೋ ಮುಹೂರ್ತದ್ದೋ?”

ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿಕೊಂಡಿದ್ದ ಮದುಮಗಳು ಕೇಳಿದ್ದು ಇಷ್ಟೇ. ಕಾರ್ಡಿನ ಮೇಲೆ ತಾರೀಖು ಬರೆಯಲು ಹೊರಟಿದ್ದ ನುಜತ್‌ಳ ಪೆನ್ನು ಅಲ್ಲೇ ನಿಂತಿತು.

ದಾವಣಗೆರೆಯ ಆ ಚರ್ಮದ ಕ್ಲಿನಿಕ್ಕಿನಲ್ಲಿ ನುಜತ್ ಕೆಲಸಕ್ಕೆ ಸೇರಿ ಆರು ವರ್ಷ. ಡಾಕ್ಟರ್ ಆಶಾ ಮುಖ ನೋಡಿ, ಯಾವ ಆಸಿಡ್, ಎಷ್ಟು ನಿಮಿಷ ಎಂದು ಬರೆದುಕೊಟ್ಟರೆ ಮುಂದಿನದೆಲ್ಲ ಇವಳ ಕೈಯದು. ಪೀಲ್ ಅಂದರೆ ಬರುವವರು ಹೆದರುವ ಹಾಗೆ ಬ್ಲೇಡಿನಿಂದ ಸುಲಿಯುವುದೇನಲ್ಲ. ಮುಖ ತೊಳೆದು, ಜಿಡ್ಡು ಒರೆಸಿ, ಕಣ್ಣಿನ ಮೂಲೆಗೆ, ಮೂಗಿನ ಸಂದಿಗೆ, ತುಟಿಯ ಅಂಚಿಗೆ ವ್ಯಾಸಲೀನ್ ಹಚ್ಚಿ, ಬ್ರಷ್ಷಿನಿಂದ ನೀರಿನಂಥದೇ ಒಂದು ದ್ರವ ಸವರುವುದು. ಎರಡು ಮೂರು ನಿಮಿಷದ ಕೆಲಸ. ಆ ಎರಡು ಮೂರು ನಿಮಿಷ ಮಾತ್ರ ನುಜತ್ ಬಾಯಿ ಮುಚ್ಚುವುದಿಲ್ಲ. ಉರಿ ಹತ್ತಕ್ಕೆ ಎಷ್ಟೈತೆ, ಈಗ ಎಷ್ಟೈತೆ ಎಂದು ಕೇಳುತ್ತಲೇ ಇರುತ್ತಾಳೆ. ನಾಲ್ಕು ಅಂದರೆ ಸರಿ, ಏಳು ಅಂದರೆ ಆ ಕ್ಷಣವೇ ಸೋಡಾ ಪುಡಿ ಕಲಸಿದ ನೀರು. ಮೂರನೇ ದಿನಕ್ಕೆ ಮೇಲಿನ ಸತ್ತ ಪದರ ಏಳುತ್ತದೆ, ಐದಾರು ದಿನಕ್ಕೆ ಉದುರುತ್ತದೆ, ಎಂಟನೇ ದಿನಕ್ಕೆ ಕನ್ನಡಿಯಲ್ಲಿ ಬೇರೆ ಯಾರೋ ನಿಂತ ಹಾಗೆ ಕಾಣುತ್ತದೆ. ಅಲ್ಲಿಯ ತನಕ ಬಿಸಿಲು ಬ್ಯಾಡ, ಉಜ್ಜುವುದು ಬ್ಯಾಡ, ಕಡಲೆಹಿಟ್ಟು, ನಿಂಬೆಹಣ್ಣು, ಅರಿಶಿಣ ಯಾವುದೂ ಬ್ಯಾಡ. ಹೊಸ ಚರ್ಮ ಆಗ ಹಸುಗೂಸಿನದು, ಕೆಣಕಿದರೆ ಕಪ್ಪಾಗಿ ತಿಂಗಳುಗಟ್ಟಲೆ ಹಾಗೇ ಕೂತುಬಿಡುತ್ತದೆ.

ಅದಕ್ಕೇ ಮದುವೆಮನೆಯವರು ಬಂದರೆ ನುಜತ್ ಮೊದಲು ಕೇಳುವುದು, ಫಂಕ್ಷನ್ ಯಾವತ್ತು ಅಂತ. ಅಲ್ಲಿಂದ ಎಂಟು ದಿನ ಹಿಂದಕ್ಕೆ ಎಣಿಸಿ ದಿನ ಕೊಡುತ್ತಾಳೆ. ಆರು ವರ್ಷದಲ್ಲಿ ಅವಳ ಕೈಯಲ್ಲಿ ಮುಖ ಮಾಡಿಸಿಕೊಂಡ ಯಾರೂ ಸ್ಟೇಜಿನ ಮೇಲೆ ಸಿಪ್ಪೆ ಏಳುವ ಮೂಗು ಹೊತ್ತು ನಿಂತಿದ್ದಿಲ್ಲ ಎಂಬ ಸಣ್ಣ ಹೆಮ್ಮೆ ಅವಳಿಗಿತ್ತು.

ಆದರೆ ಕಳೆದ ಶನಿವಾರ ಹರಿಹರದಿಂದ ಬಂದಿದ್ದ ಮದುಮಗನ ತಾಯಿ ಅಖ್ತರ್ ಬಾನುವನ್ನು ಅವಳು ಕೇಳಿದ್ದು ನಿಕಾಹ್ ಯಾವತ್ತು ಅಂತ ಮಾತ್ರ. ಮುಂದಿನ ಭಾನುವಾರ ಅಂದಿದ್ದಳು ಅಖ್ತರ್ ಬಾನು. ಎಂಟು ದಿನ, ಲೆಕ್ಕ ಸರಿಯಾಗೇ ಕೂತಿತ್ತು. ಇವತ್ತು ಗುರುವಾರ. ಅವರ ಮನೆಯಲ್ಲಿ ಅರಿಶಿಣ ಹಚ್ಚುವ ಹಲ್ದಿ ಯಾವತ್ತು?

ಡಾಕ್ಟರಮ್ಮನಿಗೆ ತಿಳಿಯದಿದ್ದರೆ ಅದು ಬೇರೆ ಮಾತು. ನುಜತ್‌ಗೆ ತಿಳಿಯದೆ ಇರುತ್ತದೆಯೇ? ಅವಳದೇ ಮದುವೆಯಲ್ಲಿ, ಮದುಮಗನಿಗೆ ಹಚ್ಚಿ ಮಿಕ್ಕ ಹಲ್ದಿಯನ್ನು ಗಂಡನ ಸೋದರತ್ತೆಯರು ಮುಷ್ಟಿಗಟ್ಟಲೆ ತೆಗೆದುಕೊಂಡು ಅವಳ ಅತ್ತೆಯ ಮುಖಕ್ಕೆ ಬಳಿದು ಉಜ್ಜಿ, ಆ ಹೆಂಗಸಿಗೆ ಸೀನಿ ಸೀನಿ ಸಾಕಾಗಿತ್ತು. ಹುಡುಗನ ತಾಯಿಗೆ ಹಲ್ದಿ ಹಚ್ಚುವುದು ಅವಳ ನಾದಿನಿಯರ ಹಕ್ಕು. ಬ್ಯಾಡ ಅಂದರೆ ಮಗನ ಒಳ್ಳೆಯದೇ ಬ್ಯಾಡ ಅಂದ ಹಾಗೆ. ಇದೆಲ್ಲ ಗೊತ್ತಿದ್ದೂ, ಮದುಮಗಳಲ್ಲವಲ್ಲ, ತಾಯಿ ತಾನೇ ಎಂದು ಕೇಳದೆ ಬಿಟ್ಟಿದ್ದಳು.

ಅಖ್ತರ್ ಬಾನು ಮೂರು ಸಲ ಕ್ಲಿನಿಕ್ಕಿನ ಮೆಟ್ಟಿಲ ತನಕ ಬಂದು ವಾಪಸ್ ಹೋಗಿದ್ದವಳು. ನಾಲ್ಕನೇ ಸಲ ಬುರ್ಖಾದ ಮುಸುಕು ತೆಗೆಯದೆಯೇ ಮೂಲೆಯಲ್ಲಿ ಕೂತಿದ್ದಳು. ನುಜತ್ ಬಾಯಿ ತಪ್ಪಿ ಚಿಕ್ಕಮ್ಮನನ್ನು ಕರೆಯುವ ಹಾಗೆ “ಖಾಲಾ” ಎಂದು ಕರೆದಾಗ ಆ ಕಣ್ಣು ಎಷ್ಟು ಕುಗ್ಗಿತೆಂದರೆ, ಮರುಕ್ಷಣವೇ “ಆಪಾ, ಒಳಗೆ ಬರ್ರಿ” ಎಂದು ಅಕ್ಕನಾಗಿಸಿ ತಿದ್ದಿಕೊಂಡಿದ್ದಳು. ವಯಸ್ಸು ನಲವತ್ತೇಳು. ಮಲೆಬೆನ್ನೂರಿನ ಬೀಗರ ಮನೆಯಲ್ಲಿ ನಿಶ್ಚಿತಾರ್ಥದ ದಿನ, ಹೆಣ್ಣಿನ ಕಡೆಯ ಯಾರೋ ಹೆಂಗಸು ಇವಳನ್ನು ತೋರಿಸಿ, ಇವರು ಹುಡುಗನ ನಾನಿನಾ, ಅಜ್ಜಿನಾ ಅಂತ ಕೇಳಿದಳಂತೆ. ಪಕ್ಕದಲ್ಲಿದ್ದ ದೊಡ್ಡ ನಾದಿನಿ ಆಮ್ನಾ ತಟ್ಟೆಯಿಂದ ತಲೆ ಎತ್ತದೆ, ಹೂಂ, ನಾನಿನೇ ಅಂದುಬಿಟ್ಟಳಂತೆ. ನಲವತ್ತು ಜನ ನಕ್ಕರಂತೆ. ಅರವತ್ತು ದಾಟಿದ ಆಮ್ನಾಳ ಮುಖ ಬೆಣ್ಣೆ ಸವರಿದ ಹಾಗಿದೆ, ಅದೇ ತನಗೆ ಹೆಚ್ಚು ಉರಿದದ್ದು ಎಂದು ಅಖ್ತರ್ ಬಾನು ಯಾವ ನಾಚಿಕೆಯೂ ಇಲ್ಲದೆ ಹೇಳಿದ್ದಳು.

ಹೇಳಿದ ಮೇಲೆ ನುಜತ್‌ಳ ಕೈ ಹಿಡಿದುಕೊಂಡಿದ್ದಳು. “ಯಾರಿಗೂ ಗೊತ್ತಾಗಬಾರ್ದು ನೋಡು. ಮಗನಿಗೂ, ಗಂಡನಿಗೂ. ಆ ಆಮ್ನಾ ಆಪಾಗಂತೂ ಸತ್ರೂ ಗೊತ್ತಾಗಬಾರ್ದು. ಮಗನ ಮದ್ವಿಗೆ ಮುದುಕಿ ಮುಖ ಮಾಡಿಸ್ಕಂಡ್ ಬಂದ್ಲು ಅಂತ ನನ್ ಮಯ್ಯತ್ ಎತ್ತೋ ದಿನಾನೂ ನಗ್ತಾಳೆ.” ತನ್ನ ಬಾಯಿಂದ ಬರುವುದಿಲ್ಲ ಎಂದು ನುಜತ್ ಮಾತು ಕೊಟ್ಟಿದ್ದಳು. ಮಂಡಿಪೇಟೆಯ ಹತ್ತಿರ ಟೇಲರ್ ಅಂಗಡಿಗೆ ಹೋಗಿಬರುತ್ತೇನೆ ಅಂತ ಮನೆಯಲ್ಲಿ ಹೇಳಿ ಬಂದಿದ್ದ ಅಖ್ತರ್ ಬಾನು, ನುಜತ್‌ಳ ನಂಬರನ್ನು ‘ಟೇಲರ್’ ಎಂದೇ ಫೋನಿನಲ್ಲಿ ಹಾಕಿಕೊಂಡಿದ್ದಳು. ಏನು ಮಾಡಬೇಕು, ಏನು ಮಾಡಬಾರದು ಎಂದು ಬರೆದುಕೊಟ್ಟ ಕಾರ್ಡನ್ನು ಬಸ್ ಹತ್ತುವ ಮೊದಲೇ ಹರಿದು ಹಾಕುವುದಾಗಿ ಅವಳೇ ಹೇಳಿದ್ದಳು. ನುಜತ್ ಆಗ ನಕ್ಕಿದ್ದಳು.

ಈಗ ಹೊರಗಿನ ವರಾಂಡಕ್ಕೆ ಬಂದು ಫೋನ್ ಹಚ್ಚಿದಳು. ಒಂದು ಸಲ, ಎರಡು ಸಲ. ಮೂರನೇ ಸಲ ಎತ್ತಿದ್ದು ಅಖ್ತರ್ ಬಾನುವಿನ ಮಗಳು ಶಾಹಿಸ್ತಾ. ಹಿಂದೆ ಢೋಲಕ್ ಸದ್ದು, ಚಪ್ಪಾಳೆ, ಯಾರೋ ಹಾಡುತ್ತಿದ್ದರು.

“ಟೇಲರಮ್ಮನಾ? ಅಮ್ಮಿ ಬ್ಲೌಸ್ ಆತಾ?”

“ಅಮ್ಮಿಗೆ ಕೊಡವ್ವಾ ಫೋನು.”

“ಅಮ್ಮಿ ನೆಂಟರ ನಡುವೆ ಸಿಕ್ಕಾಕಂಡಾರ. ಮಧ್ಯಾಹ್ನದ ಜೊಹರ್ ನಮಾಜ್ ಆದ್ಮೇಲೆ ಹಲ್ದಿ ಶುರು. ಆಮ್ನಾ ಫುಫು ಬೆಳಗ್ಗಿಂದ ಹಲ್ದಿ ಅರೆಸಾಕತ್ತಾರ, ಕಡ್ಲೆಹಿಟ್ಟು, ನಿಂಬೆಹಣ್ಣು ಎಲ್ಲಾ ಹಾಕಿ. ಬ್ಲೌಸ್ ತಗಂಡು ಬಂದ್ಬಿಡ್ರಿ, ಊಟ ಮಾಡ್ಕಂಡ್ ಹೋಗೀರಂತೆ.”

“ನೋಡು, ಅಮ್ಮಿಗೆ ಒಂದ್ ಮಾತು ಹೇಳು, ಮುಖಕ್ಕೆ...” ಎಂದು ಶುರು ಮಾಡಿದವಳು ನಾಲಿಗೆ ಕಚ್ಚಿಕೊಂಡಳು. ಟೇಲರಮ್ಮನಿಗೆ ಅಮ್ಮಿಯ ಮುಖದ ಗೊಡವೆ ಯಾಕ? ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಆ ಕಡೆ ಯಾರೋ ಕರೆದರು, ಹುಡುಗಿ ಫೋನ್ ಇಟ್ಟಳು. ಆಮೇಲೆ ಎಷ್ಟು ಹಚ್ಚಿದರೂ ಎತ್ತಲಿಲ್ಲ.

ಸುದ್ದಿ ಕೇಳಿದ ಡಾಕ್ಟರ್ ಆಶಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಐದನೇ ದಿನಕ್ಕೆ ನಿಂಬೆಹಣ್ಣಾ ಅಂದರು. ಅಷ್ಟೇ ಅಂದದ್ದು. ಕುರ್ಚಿಯಲ್ಲಿದ್ದ ಮದುಮಗಳ ಮುಖವನ್ನು ತಾವೇ ನೋಡಿಕೊಳ್ಳುತ್ತೇನೆಂದು ಗ್ಲೌಸ್ ಹಾಕಿಕೊಂಡರು. ಉರಿ ತಣಿಸುವ ಮುಲಾಮಿನ ಒಂದು ಟ್ಯೂಬನ್ನು ನುಜತ್‌ಳ ಕೈಗೆ ತುರುಕಿದರು.

ಹರಿಹರದ ಬಸ್ಸೋ, ತುಂಬುವ ತನಕ ಹೊರಡುವ ಅಂದಾಜೇ ಇರಲಿಲ್ಲ. ಏಜೆಂಟ್ “ಹರಿಯರ, ಹರಿಯರ” ಎಂದು ಕೂಗಿದ್ದೇ ಕೂಗಿದ್ದು. ನುಜತ್ ಕೂತಳು, ಎದ್ದಳು, ಕಿಟಕಿಯಿಂದ ಇಣುಕಿದಳು, ಮತ್ತೆ ಕೂತಳು. ಗಂಟೆ ನೋಡಿದರೆ ಒಂದೂ ಹತ್ತು. ಪಕ್ಕಕ್ಕೆ ಬಂದು ಕೂತವಳು ಭಾನುವಳ್ಳಿಯ ಕೊಟ್ರವ್ವ. ಹೆಸರು, ಊರು, ಮಂಡಿಪೇಟೆಯಲ್ಲಿ ಮೊಮ್ಮಗಳಿಗೆ ಕೊಂಡ ಪಾತ್ರೆಯ ಸುದ್ದಿ, ಎಲ್ಲವನ್ನೂ ಬಸ್ ಹೊರಡುವ ಮೊದಲೇ ಹೇಳಿ ಮುಗಿಸಿದ್ದಳು. ಆಮೇಲೆ ನುಜತ್‌ಳ ಮುಖವನ್ನೇ ನೋಡುತ್ತ, ಏನು ಹಚ್ತೀಯವ್ವ ಅಂತ ಕೇಳಿದಳು. ಏನಿಲ್ಲ ಅಜ್ಜಿ, ಬಿಸಿಲಿಗೆ ಹೋಗುವಾಗ ಒಂದು ಕ್ರೀಮು ಅಂತ ಹೇಳಿದರೆ, ತಾನು ನಲವತ್ತು ವರ್ಷ ಚಾನಲ್ ಕೆಳಗಿನ ಗದ್ದೆಯಲ್ಲಿ ನಿಂತು ನಾಟಿ ಮಾಡಿದವಳು, ತನ್ನ ಮುಖವನ್ನು ಎಮ್ಮೆ ಕೂಡ ತಿರುಗಿ ನೋಡುವುದಿಲ್ಲ ಎಂದು ನಕ್ಕಳು. ಸ್ವಲ್ಪ ದೂರ ಹೋದ ಮೇಲೆ, ಇದ್ದಕ್ಕಿದ್ದಂತೆ ದನಿ ತಗ್ಗಿಸಿ, ಆ ಕ್ರೀಮು ನನ್ನ ವಯಸ್ಸಿನವರಿಗೂ ಆಗ್ತೈತಾ ಎಂದು ಕೇಳಿದಳು. ಬೇರೆ ದಿನವಾಗಿದ್ದರೆ ನುಜತ್ ಒಂದು ಗಂಟೆ ಮಾತಾಡುತ್ತಿದ್ದಳು. ಇವತ್ತು ಆಗ್ತೈತೆ ಅಜ್ಜಿ ಎಂದಷ್ಟೇ ಹೇಳಿ, ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದು, ಬಸ್ಸನ್ನು ತಾನೇ ತಳ್ಳುವವಳಂತೆ ಕೂತಳು. ಉದ್ದಕ್ಕೂ ಒಂದೇ ಯೋಚನೆ. ಹೋಗಿ ಹೇಳುವುದೇನು? ಹಚ್ಚಬ್ಯಾಡ್ರಿ ಅಂದರೆ ಯಾಕ ಅಂತಾರೆ. ಯಾಕ ಅಂತ ಹೇಳಿದರೆ ಕೊಟ್ಟ ಮಾತು ಹೋಯಿತು. ಹೇಳದಿದ್ದರೆ ಮುಖ ಹೋಯಿತು.

ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹಿಡಿದಳು. ಅಖ್ತರ್ ಬಾನುವಿನ ಗಂಡನ ಹೆಸರು ಹಿಡಿದು, ಪಾತ್ರೆ ಅಂಗಡಿ ಅಬ್ದುಲ್ ರಹೀಮ್ ಸಾಹೇಬರ ಮನೆ ಅಂದದ್ದೇ ತಡ, ಮದುವೆಮನೆ ಅಲ್ವಾ ಅಂತ ಆಟೋದವನೇ ಹೇಳಿದ. ಓಣಿಯ ಬಾಯಿಗೆ ಶಾಮಿಯಾನ ಹಾಕಿದ್ದರಿಂದ ಅಲ್ಲೇ ಇಳಿದು ಓಡುವ ಹಾಗೆ ನಡೆದಳು. ಬಿರಿಯಾನಿಯ ವಾಸನೆ, ಢೋಲಕ್ ಸದ್ದು. ಬಾಗಿಲಲ್ಲಿ ಶಾಹಿಸ್ತಾ ನಿಂತಿದ್ದಳು.

“ನಾನು ದಾವಣಗೆರೆ ಟೇಲರ್” ಎಂದಳು ನುಜತ್. ಹುಡುಗಿ ತಿರುಗಿ ಒಳಗೆ ಕೂಗಿಬಿಟ್ಟಳು, ಟೇಲರಮ್ಮ ಬಂದ್ರು ಅಂತ.

ಮದುವೆಮನೆಗೆ ಖಾಜಿ ಬಂದರೂ ಅಷ್ಟು ಜನ ಎದ್ದು ಬರುತ್ತಿರಲಿಲ್ಲ. ಒಬ್ಬಳ ತೋಳು ಬಿಗಿ, ಒಬ್ಬಳ ಹುಕ್ಕು ಕಿತ್ತಿದೆ, ಇನ್ನೊಬ್ಬಳದು ಬೆನ್ನು ಇಷ್ಟು ಕೆಳಗೆ ಇಳಿದಿದೆ, ನಮ್ಮೂರಿನ ಟೇಲರ್ ಕೈ ಕೊಟ್ಟ ಎಂದು ಉರ್ದು ಕನ್ನಡ ಬೆರೆಸಿ ಎಲ್ಲರೂ ಒಟ್ಟಿಗೇ ಹೇಳತೊಡಗಿದರು. ನುಜತ್‌ಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ. ಹೂಂ ಅಂದಳು, ಮಾಡಿಕೊಡೋಣ ಅಂದಳು, ಶನಿವಾರನಾ, ಆತು ಅಂದಳು. ಕೈಗೆ ಒಂದು ಬ್ಲೌಸು ಬಂತು, ಹೆಗಲಿಗೆ ಇನ್ನೊಂದು ಬಿತ್ತು, ಮೂರನೆಯದಕ್ಕೆ ಯಾರೋ ಪಿನ್ನು ಚುಚ್ಚಿ ಗುರುತು ಮಾಡಿ ಚೀಲದೊಳಗೇ ತುರುಕಿದರು. ಅಷ್ಟೂ ಹೊತ್ತು ಅವಳ ಕಣ್ಣು ಅವರ ತಲೆಗಳ ಮೇಲಿಂದ ಒಳಗಿನ ಪಡಸಾಲೆಯಲ್ಲೇ ಇತ್ತು. ಅಲ್ಲಿ ಹಾಡು ಬದಲಾಯಿತು. ಯಾರೋ ಅಂದರು, ಹುಜೈಫಾಂದು ಆತು, ಈಗ ಅವನ ಅಮ್ಮಿ ಪಾಳಿ.

ನುಜತ್ ಇಬ್ಬರ ನಡುವೆ ಮೈ ತೂರಿಸಿಕೊಂಡು ಒಳಗೆ ನುಗ್ಗಿದಳು.

ಮಣೆಯ ಮೇಲೆ ಮದುಮಗ ಹುಜೈಫಾ ತಲೆಯಿಂದ ಕಾಲಿನ ತನಕ ಹಳದಿಯಾಗಿ, ನಾಚಿ ಕೂತಿದ್ದ. ಪಕ್ಕದಲ್ಲಿ ಅಖ್ತರ್ ಬಾನು. ದುಪಟ್ಟಾವನ್ನು ಗದ್ದದ ತನಕ ಎಳೆದುಕೊಂಡಿದ್ದಳು, ಮಗನ ಮದುವೆಯೆಂದು ಅಳುತ್ತಿದ್ದಾಳೆ ಅಂತ ಎಲ್ಲರೂ ತಿಳಿದುಕೊಂಡಿರಬೇಕು. ಎದುರಿಗೆ ಕಂಚಿನ ತಟ್ಟೆ ಹಿಡಿದು ಮಂಡಿಯೂರಿದ್ದವಳು ಆಮ್ನಾ. ಎಡಗೈಯಿಂದ ದುಪಟ್ಟಾ ಎತ್ತಿ, ಬಲಗೈಯ ಎರಡು ಬೆರಳಿನಿಂದ ಎಡಗೆನ್ನೆಗೆ ಮೊದಲ ಬೊಟ್ಟು ಇಟ್ಟೇಬಿಟ್ಟಿದ್ದಳು. ಅವಳ ಹಿಂದೆ ಇನ್ನಿಬ್ಬರು ನಾದಿನಿಯರು ಮುಷ್ಟಿ ತುಂಬಿಕೊಂಡು ಕಾಯುತ್ತಿದ್ದರು.

“ಆಪಾ, ಫಿಟ್ಟಿಂಗ್ ನೋಡ್ಬೇಕು” ಎಂದಳು ನುಜತ್. ದನಿ ತನಗೇ ಬೇರೆಯವರದು ಅನ್ನಿಸಿತು. “ಈಗ್ಲೇ ನೋಡ್ಬೇಕ್ರಿ. ಇಲ್ಲಾಂದ್ರೆ ಭಾನುವಾರಕ್ಕೆ ಬ್ಲೌಸ್ ಆಗಲ್ಲ. ನನ್ ಬಸ್ಸಿಗೆ ಹೊತ್ತಾತು.”

ಢೋಲಕ್ ನಿಂತಿತು. ಇಷ್ಟು ವರ್ಷ ಟೇಲರುಗಳ ಬಾಗಿಲು ಕಾದು ಹಣ್ಣಾದ ಹೆಂಗಸರ ಗುಂಪು ಅದು. ಆಗಲ್ಲ ಎಂದು ಟೇಲರೇ ಮನೆಗೆ ಬಂದು ಹೇಳಿದರೆ ಎದುರಾಡುವವರು ಯಾರು? ಅಖ್ತರ್ ಬಾನು ಗಾಳಿ ಸಿಕ್ಕವಳಂತೆ ಎದ್ದಳು. ಆಮ್ನಾ ಮಾತ್ರ ಹಳದಿ ಬೆರಳನ್ನು ಹಾಗೇ ಎತ್ತಿ ಹಿಡಿದುಕೊಂಡು, ನುಜತ್‌ಳನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

ಒಳಕೋಣೆಯ ಅಗುಳಿ ಹಾಕಿದ್ದೇ ನುಜತ್ ಹೂಜಿಯ ನೀರನ್ನು ಬೊಗಸೆಯಲ್ಲಿ ತೆಗೆದು ಆ ಕೆನ್ನೆಗೆ ಹಾಕಿದಳು, ಉಜ್ಜದೆ, ಸುಮ್ಮನೆ ಹರಿಯಲು ಬಿಟ್ಟು. ಮತ್ತೆ ಹಾಕಿದಳು. ಮೂಗಿನ ಎರಡೂ ಬದಿ, ಬಾಯಿಯ ಸುತ್ತ ಸಿಪ್ಪೆ ಎದ್ದಿತ್ತು. ಅದರ ಕೆಳಗೆ ತೆಳುಗೆಂಪಿನ ಹೊಸ ಚರ್ಮ. ಬೊಟ್ಟು ಬಿದ್ದ ಕಡೆ ಹುಣಸೆ ಬೀಜದಷ್ಟು ಅಗಲ ಕೆಂಡದಂತೆ ಕೆಂಪಗಾಗಿತ್ತು.

“ಉರಿ ಹತ್ತಕ್ಕೆ ಎಷ್ಟೈತೆ?”

“ಎಂಟು” ಎಂದಳು ಅಖ್ತರ್ ಬಾನು. ಕಣ್ಣಿಂದ ನೀರು ಇಳಿಯುತ್ತಿತ್ತು. “ಹಲ್ದಿ ಬರ್ತೈತೆ ಅಂತ ನಂಗ್ ಗೊತ್ತಿತ್ತು. ಕಾರ್ಡ್ ಓದ್ದೇ ಹರಿದ್ ಹಾಕಿದ್ದೆ, ಹಲ್ದಿ ಮುಖಕ್ಕೆ ಒಳ್ಳೇದೇ ಅಲ್ವಾ ಅಂತ ಸುಮ್ನಾಗಿದ್ದೆ. ನಿನ್ನೆಯಿಂದ ಸೋಪಿನ ನೀರು ಬಿದ್ರೂ ಉರಿಯಾಕತ್ತಿತು, ಆಗ ಹೆದ್ರಿದೆ. ಬ್ಯಾಡ ಅಂತ ಹೆಂಗ್ ಹೇಳ್ಲಿ? ಯಾಕ ಅಂತ ಆಪಾ ದುಪಟ್ಟಾ ಎತ್ತಿ ಬೆಳಕಿಗೆ ಹಿಡಿದು ನೋಡ್ತಾಳೆ. ಉರೀಲಿ, ಕೂತ್ಕಂಡ್ ತಡ್ಕಳಾಣ ಅಂದ್ಕಂಡೆ.”

“ತಡ್ಕಂಡ್ರೆ ಕಪ್ಪಾಗ್ತೈತೆ ಆಪಾ. ತಪ್ಪು ನಂದು. ಹಲ್ದಿ ಯಾವತ್ತು ಅಂತ ನಾ ಕೇಳ್ಬೇಕಿತ್ತು.”

ಮುಲಾಮು ಹಚ್ಚುತ್ತಿರುವಾಗ ಬಾಗಿಲು ಬಡಿಯಿತು. ಆಮ್ನಾಳ ದನಿ, ಕೈಯಾಗಿನ ಹಲ್ದಿ ಒಣಗಾಕತ್ತೈತಿ, ಎಷ್ಟೊತ್ತು ಅಂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮತ್ತೆ ಬಡಿಯಿತು. ಕಿಟಕಿಗೆ ಕಂಬಿಯಿತ್ತು, ಕೋಣೆಗೆ ಬೇರೆ ಬಾಗಿಲಿರಲಿಲ್ಲ. ನುಜತ್ ತಲೆಯಲ್ಲಿ ಸುಳ್ಳು ಹುಡುಕುತ್ತಿದ್ದಳು, ಯಾವುದೂ ಮೈಗೆ ಕೂರುತ್ತಿರಲಿಲ್ಲ. ಮೂರನೇ ಸಲ ಬಡಿದಾಗ ಅಖ್ತರ್ ಬಾನು ತಾನೇ ಹೋಗಿ ಅಗುಳಿ ತೆಗೆದಳು. ಆಮ್ನಾ ಒಬ್ಬಳನ್ನೇ ಒಳಗೆ ಎಳೆದುಕೊಂಡು ಮತ್ತೆ ಹಾಕಿದಳು. ದುಪಟ್ಟಾ ತಲೆಯಿಂದ ಪೂರ್ತಿ ಜಾರಿಸಿದಳು.

“ನೋಡು ಆಪಾ. ನೋಡಿ ನಕ್ಕುಬಿಡು. ಮುಖ ಮಾಡಿಸ್ಕಂಡ್ ಬಂದೀನಿ. ಇನ್ನೂ ಮೂರು ದಿನ ಯಾರೂ ಕೈ ಹಚ್ಚಂಗಿಲ್ಲ. ನೀನೂ ಹಚ್ಚಂಗಿಲ್ಲ.”

ಆಮ್ನಾ ತಟ್ಟೆಯನ್ನು ಪೆಟ್ಟಿಗೆಯ ಮೇಲಿಟ್ಟಳು. ಅಖ್ತರ್ ಬಾನುವಿನ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಆ ಸಿಪ್ಪೆ, ಆ ಕೆಂಪು ಗುರುತು, ಮುಲಾಮು ಎಲ್ಲವನ್ನೂ, ಬಟ್ಟೆಯಂಗಡಿಯಲ್ಲಿ ಸೀರೆಯ ಸೆರಗಿನಲ್ಲಿ ತೂತು ಹುಡುಕುವ ಹಾಗೆ ನೋಡಿದಳು. ಆಮ್ನಾಗೆ ನಗು ಬರಲಿಲ್ಲ.

“ಮಲೆಬೆನ್ನೂರಾಗೆ ನಾ ಅಂದದ್ದಕ್ಕಾ ಇದು?”

ಅಖ್ತರ್ ಬಾನು ಜಾರಿದ ದುಪಟ್ಟಾವನ್ನು ಹೆಗಲಿಗೆ ಎಳೆದುಕೊಂಡಳು.

“ನಾನು ಒಂದ್ ಮಾತಂದ್ರೆ ಮುಖಾನೇ ಸುಲಿಸ್ಕಂಡ್ ಬರ್ತೀಯಾ? ತಿರುಗಿ ಒಂದ್ ಮಾತು ಅನ್ನಾಕ್ ಬಾಯಿರ್ಲಿಲ್ಲಾ ನಿಂಗೆ? ಇಪ್ಪತ್ತಾರು ವರ್ಷ ಆತು ನಮ್ಮನಿಗೆ ಬಂದು.” ಬೈಗುಳವೇ ಆಗಿತ್ತು ಅದು. ಗದ್ದ ಬಿಟ್ಟಳು. ಆಮೇಲೆ ನೆಲಕ್ಕೆ ಕೂತಳು. ತಟ್ಟೆಯಿಂದ ಎರಡೂ ಕೈ ತುಂಬ ಹಲ್ದಿ ತೆಗೆದುಕೊಂಡು ಅಖ್ತರ್ ಬಾನುವಿನ ಪಾದಕ್ಕೆ, ಮೀನಖಂಡದ ತನಕ ಬಳಿದಳು. ಎದ್ದು ಮೊಣಕೈವರೆಗೆ ಎರಡೂ ತೋಳಿಗೆ ಬಳಿದಳು. ಬೈತಲೆಯ ಮೇಲೆ, ಹಣೆಯಿಂದ ದೂರಕ್ಕೆ, ಎಣಿಸಿದ ಹಾಗೆ ಒಂದು ಚಿಟಿಕೆ. ದುಪಟ್ಟಾವನ್ನು ಗದ್ದದ ತನಕ ಎಳೆದು ಕೂರಿಸಿದಳು.

ಬಾಗಿಲು ತೆಗೆದು, ಪಡಸಾಲೆಗೆ ಕೇಳುವ ಹಾಗೆ ಹೇಳಿದಳು, ತಾಯಿಯ ಹಲ್ದಿ ತಾನು ಹಚ್ಚಿ ಆಯಿತು, ದೊಡ್ಡವಳು ಹಚ್ಚಿದ ಮೇಲೆ ಬೇರೆ ಯಾರ ಕೈಯೂ ಬೀಳಬಾರದು, ತಮ್ಮ ಅಮ್ಮಿಯ ಕಾಲದಿಂದ ಹಾಗೇ ಇದೆ ಅಂತ. ಚಿಕ್ಕ ನಾದಿನಿಯರು ಮುಷ್ಟಿಯಲ್ಲಿ ಹಲ್ದಿ ಹಿಡಿದು, ಅಮ್ಮಿಯ ಕಾಲದಲ್ಲಿ ಅಂಥ ಪದ್ಧತಿ ಎಲ್ಲಿತ್ತು ಎಂದು ಒಬ್ಬರನ್ನೊಬ್ಬರು ನೋಡಿಕೊಂಡರು. ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೈಯಲ್ಲಿದ್ದುದನ್ನು ಶಾಹಿಸ್ತಾಳ ಮುಖಕ್ಕೆ ಬಳಿದು ತೀರಿಸಿಕೊಂಡರು.

ಊಟ ಮಾಡದೆ ಹೊರಟ ನುಜತ್‌ಳ ಹಿಂದೆ ಶಾಮಿಯಾನದ ತನಕ ಆಮ್ನಾ ಬಂದಳು. ಕೈಯಲ್ಲಿ ಬಿರಿಯಾನಿಯ ಡಬ್ಬಿ.

“ಆ ಕೆಂಪು ಭಾನುವಾರಕ್ಕೆ ಹೋಗ್ತೈತಾ?”

“ಗೊತ್ತಿಲ್ಲ ಫುಫು. ಹೋಗಬಹುದು. ದಿನಕ್ ಮೂರ್ ಸಲ ಮುಲಾಮು ಹಚ್ಚಿಸ್ರಿ, ಬಿಸಿಲಿಗೆ ಬಿಡಬ್ಯಾಡ್ರಿ.”

“ಹಚ್ಚಿಸ್ತೀನಿ” ಎಂದಳು ಆಮ್ನಾ. ತಿರುಗಿ ನಾಲ್ಕು ಹೆಜ್ಜೆ ಹೋದವಳು ನಿಂತಳು. “ನೀ ಟೇಲರಲ್ಲ ಅಂತ ನಂಗಾಗ್ಲೇ ಗೊತ್ತಾತು. ಬ್ಲೌಸ್ ತಲೆಕೆಳಗ ಹಿಡ್ಕಂಡಿದ್ದಿ.”

ವಾಪಸ್ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೂ ನುಜತ್‌ಗೆ ನೆಮ್ಮದಿಯಾಗಿ ಕೂರಲಾಗಲಿಲ್ಲ. ಹುಣಸೆ ಬೀಜದಷ್ಟು ಆ ಕೆಂಪು ಕಣ್ಣೆದುರೇ ಇತ್ತು. ಇವತ್ತು ಗುರುವಾರ ಸಂಜೆ, ಶುಕ್ರವಾರ, ಶನಿವಾರ. ನಾಳೆ ಬೆಳಿಗ್ಗೆ ಒಂದು ಫೋಟೋ ಕಳಿಸಿ ಅಂತ ಹೇಳಬೇಕಿತ್ತು, ಹೇಳಿಲ್ಲ. ಮೆಸೇಜ್ ಹಾಕಲು ಫೋನ್ ತೆಗೆದು, ಟೇಲರ್ ಯಾಕ ಮುಖದ ಫೋಟೋ ಕೇಳುತ್ತಾಳೆ ಎಂದು ಮತ್ತೆ ಒಳಗಿಟ್ಟಳು. ಇಡುವಾಗ ಬೆರಳಿಗೆ ಏನೋ ಚುಚ್ಚಿತು.

ಪಿನ್ನು. ಚೀಲದಲ್ಲಿ ಮೂರು ಬ್ಲೌಸ್. ತೋಳು ಬಿಗಿಯಾದದ್ದು, ಹುಕ್ಕು ಕಿತ್ತದ್ದು, ಬೆನ್ನು ಇಳಿದದ್ದು. ಶನಿವಾರಕ್ಕೆ ಆತು ಎಂದು ತನ್ನ ಬಾಯಿಂದಲೇ ಹೇಳಿ ಬಂದಿದ್ದಳು. ಆಗಲಿಲ್ಲ ಅಂದರೆ, ಎಂಥ ಟೇಲರ್ ಅವಳು ಎಂದು ಆ ಮನೆಯ ಹೆಂಗಸರು ಕೆದಕದೆ ಬಿಡುವವರಲ್ಲ.

ದಾವಣಗೆರೆಯಲ್ಲಿ ಇಳಿದಾಗ ದೀಪ ಹತ್ತುತ್ತಿತ್ತು. ಮನೆಯ ದಾರಿ ಬಲಕ್ಕೆ. ನುಜತ್ ಚೀಲವನ್ನು ಎದೆಗೆ ಅವುಚಿಕೊಂಡು ಎಡಕ್ಕೆ, ಮಂಡಿಪೇಟೆಯ ಕಡೆಗೆ ನಡೆದಳು. ಅಂಗಡಿಗಳು ಬಾಗಿಲು ಎಳೆಯುವ ಮೊದಲು, ಎರಡು ದಿನದಲ್ಲಿ ಮೂರು ಬ್ಲೌಸ್ ಸರಿಮಾಡಿಕೊಡುವ ಒಬ್ಬ ಟೇಲರ್ ಸಿಗಬೇಕಿತ್ತು.